ಹುಳಿ ಮತ್ತು ಸಣ್ಣ ಉರಿ: ಋತುಮಾನಕ್ಕೆ ತಕ್ಕಂತೆ ರಷ್ಯಾದ ಮನೆಯಡುಗೆ

ಮಧ್ಯ ರಷ್ಯಾದಲ್ಲಿ ತರಕಾರಿ ಬೆಳೆಯುವುದಕ್ಕೆ ಸಿಗುವುದು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕೆಲವೇ ತಿಂಗಳು. ಉಳಿದ ಕಾಲವೆಲ್ಲ ನೆಲ ಹಿಮದಡಿ ಇರುತ್ತದೆ, ಇಲ್ಲವೇ ಕೆಸರಾಗಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಹಸಿಹಸಿಯಾಗಿ ತಿಂದು, ಮಿಕ್ಕಿದ್ದನ್ನು ಉಪ್ಪಿನಲ್ಲಿ ಹುದುಗಿಸಿಯೋ ಒಣಗಿಸಿಯೋ ನೆಲಮಾಳಿಗೆಯಲ್ಲಿಟ್ಟುಕೊಂಡು ಚಳಿಗಾಲ ಕಳೆಯುವ ರೂಢಿಯ ಮೇಲೆಯೇ ಅಲ್ಲಿಯ ಮನೆಯಡುಗೆ ನಿಂತಿದೆ. ಇದರಲ್ಲಿ ಮಸಾಲೆ ತೀರಾ ಕಡಿಮೆ: ಕರಿಮೆಣಸು, ಬೇ ಎಲೆ, ಬೆಳ್ಳುಳ್ಳಿ ಮತ್ತು ಧಾರಾಳವಾಗಿ ಸಬ್ಬಸಿಗೆ ಸೊಪ್ಪು. ರುಚಿ ಹುಟ್ಟುವುದು ಹುದುಗಿನಿಂದ ಬಂದ ಹುಳಿಯಿಂದ ಮತ್ತು ಆತುರಪಡದ ಸಣ್ಣ ಉರಿಯಿಂದ. ಈ ಎರಡು ಕೈಹಿಡಿದರೆ ಬೇರೆಲ್ಲ ಸುಲಭ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಎಲೆಕೋಸಿಗೇ ಮೀಸಲು.

ವೈದ್ಯಕೀಯ ಓದಲು ರಷ್ಯಾಕ್ಕೆ ಹೋಗಿ ಹಾಸ್ಟೆಲ್‌ನಲ್ಲಿ ತಾವೇ ಬೇಯಿಸಿಕೊಳ್ಳುವ ಕರ್ನಾಟಕದ ವಿದ್ಯಾರ್ಥಿಗಳಿಗೂ, ಇಲ್ಲಿಯೇ ಇದ್ದು ಮಾಡಿ ನೋಡಬಯಸುವವರಿಗೂ ಈ ಕ್ರಮ ಹೊಂದುತ್ತದೆ. ಸಸ್ಯಾಹಾರಿಗಳು ಹಿಂಜರಿಯಬೇಕಿಲ್ಲ. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್‌ಗೆ ಮೊದಲು ಸುಮಾರು ಏಳು ವಾರ ಮಾಂಸ, ಹಾಲು, ಮೊಟ್ಟೆ ಬಿಟ್ಟು ಉಪವಾಸ ಆಚರಿಸುತ್ತಾರೆ. ಆ ಕಾರಣಕ್ಕೆ ಕೋಸು, ಅಣಬೆ, ಧಾನ್ಯಗಳಿಂದಲೇ ತುಂಬು ಊಟ ಮಾಡುವ ಕಲೆ ಅಲ್ಲಿ ಶತಮಾನಗಳಿಂದ ಬೆಳೆದುಬಂದಿದೆ.

ಶರತ್ಕಾಲ: ಕೋಸು ಹುದುಗಿಸುವುದು

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಮೊದಲ ಇಬ್ಬನಿ ಹೆಪ್ಪುಗಟ್ಟಿದ ಮೇಲೆ, ತಡವಾಗಿ ಬಲಿಯುವ ಜಾತಿಯ ಕೋಸನ್ನು ಆರಿಸಿ ತರುತ್ತಾರೆ. ಚಳಿ ತಗುಲಿದ ಕೋಸಿನಲ್ಲಿ ಸಿಹಿ ಹೆಚ್ಚಿರುತ್ತದೆ, ಮತ್ತು ಆ ಸಿಹಿಯೇ ಮುಂದೆ ಹುಳಿಯಾಗುವುದು. ನಮ್ಮಲ್ಲಿ ಕೊಳ್ಳುವಾಗ ಹಸಿರು ಸಡಿಲ ಗಡ್ಡೆಯನ್ನು ಬಿಟ್ಟು, ಒತ್ತಿದರೆ ಕಿರುಗುಟ್ಟುವಷ್ಟು ಬಿಗಿಯಾದ, ಒಳಗೆ ಬಿಳುಪಾದ ಗಡ್ಡೆಯನ್ನು ಆರಿಸಬೇಕು.

ಸಿಪ್ಪೆಯೆಲೆ ಮತ್ತು ದಿಂಡು ತೆಗೆದ ಮೇಲೆ 2 ಕಿಲೋ ತೂಗುವ ಕೋಸಿಗೆ ಎರಡು ಕ್ಯಾರೆಟ್ ಮತ್ತು 40 ಗ್ರಾಂ ಉಪ್ಪು ಬೇಕು, ಅಂದರೆ ಕೋಸಿನ ತೂಕದ ನೂರಕ್ಕೆ ಎರಡು ಪಾಲು. ಇದನ್ನು ಕಣ್ಣಳತೆಯಲ್ಲಿ ಹಾಕದೆ ತೂಗಿಯೇ ಹಾಕುವುದು ಒಳ್ಳೆಯದು. ಉಪ್ಪು ಕಡಿಮೆಯಾದರೆ ಕೋಸು ಮೆತ್ತಗಾಗಿ ಕೆಡುತ್ತದೆ, ಹೆಚ್ಚಾದರೆ ಹುದುಗು ಏಳುವುದೇ ತಡವಾಗುತ್ತದೆ. ರಷ್ಯಾದ ಗೃಹಿಣಿಯರು ಈ ಕೆಲಸಕ್ಕೆ ಅಯೋಡಿನ್ ಬೆರೆಸದ ಕಲ್ಲುಪ್ಪನ್ನೇ ಬಳಸುತ್ತಾರೆ.

ಕೋಸನ್ನು ಈಳಿಗೆಮಣೆಯಲ್ಲಿ ಅಥವಾ ಚೂಪಾದ ಚಾಕುವಿನಿಂದ ದಾರದಂತೆ ತೆಳ್ಳಗೆ ಹೆಚ್ಚಿ, ಕ್ಯಾರೆಟ್ ತುರಿದು ಸೇರಿಸಿ, ಉಪ್ಪು ಉದುರಿಸಿ ಅಗಲವಾದ ಸ್ಟೀಲ್ ಅಥವಾ ಪಿಂಗಾಣಿ ಬೋಗುಣಿಯಲ್ಲಿ ಎರಡೂ ಕೈಯಿಂದ ನಾದಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ. ಮೊದಮೊದಲು ಒಣಗಿದ ಹುಲ್ಲಿನಂತೆ ಸಿಡಿಯುವ ಎಳೆಗಳು ಐದಾರು ನಿಮಿಷದಲ್ಲಿ ಬಾಡಿ ಹೊಳಪಾಗುತ್ತವೆ, ಹಿಂಡಿದರೆ ಬೆರಳ ಸಂದಿಯಿಂದ ನೀರು ಇಳಿಯುತ್ತದೆ. ಆಗ ನಿಲ್ಲಿಸಬೇಕು. ಇನ್ನೂ ನಾದಿದರೆ ಗರಿಗರಿತನ ಹೋಗುತ್ತದೆ. ಬಳಿಕ ಇದನ್ನು ಮೂರು ಲೀಟರಿನ ಗಾಜಿನ ಜಾಡಿಗೆ ಹಿಡಿಹಿಡಿಯಾಗಿ ಹಾಕಿ, ನಡುವೆ ಗಾಳಿ ಉಳಿಯದಂತೆ ಮುಷ್ಟಿಯಿಂದ ಒತ್ತುತ್ತ ತುಂಬಬೇಕು. ರಷ್ಯಾದ ಮನೆಮನೆಯಲ್ಲೂ ಈ ಅಳತೆಯ ಜಾಡಿ ಇದ್ದೇ ಇರುತ್ತದೆ. ಕೋಸಿನ ಮೇಲೆ ರಸ ನಿಂತಿರಬೇಕು. ಜಾಡಿಯ ಬಾಯಿಯನ್ನು ಬಿಗಿಯಾಗಿ ಮುಚ್ಚದೆ ಬಟ್ಟೆ ಹೊದಿಸಿ, ರಸ ಉಕ್ಕಿ ಚೆಲ್ಲುವುದರಿಂದ ಅಡಿಗೆ ಒಂದು ತಟ್ಟೆ ಇಡಬೇಕು.

ಮರುದಿನದಿಂದ ಗುಳ್ಳೆ ಏಳಲು ತೊಡಗುತ್ತದೆ. ದಿನಕ್ಕೆ ಎರಡು ಸಲ ಮರದ ಕಡ್ಡಿಯಿಂದ ಜಾಡಿಯ ತಳದವರೆಗೂ ಚುಚ್ಚಿ ಒಳಗಿನ ಅನಿಲವನ್ನು ಹೊರಬಿಡಬೇಕು, ಇಲ್ಲವಾದರೆ ಕೋಸು ಕಹಿಯಾಗುತ್ತದೆ. ಒಳಗೆ ನಡೆಯುವುದಿಷ್ಟು: ಉಪ್ಪು ಎಲೆಯಿಂದ ನೀರನ್ನು ಹೊರಗೆಳೆಯುತ್ತದೆ, ಆ ಉಪ್ಪುನೀರಿನಲ್ಲಿ, ಗಾಳಿಯಿಲ್ಲದ ಕಡೆ, ಎಲೆಯ ಮೇಲೆ ಮೊದಲೇ ಇದ್ದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಬೆಳೆದು ಕೋಸಿನ ಸಕ್ಕರೆಯನ್ನು ಹುಳಿಯಾಗಿಸುತ್ತವೆ, ಆ ಹುಳಿಯಲ್ಲಿ ಕೆಡಿಸುವ ಜೀವಾಣುಗಳು ಬದುಕಲಾರವು. ಹಾಲು ಮೊಸರಾಗುವುದಕ್ಕೂ ಇದೇ ಬಗೆಯ ಬ್ಯಾಕ್ಟೀರಿಯಾಗಳು ಕಾರಣ. 18ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಇದು ಹದಕ್ಕೆ ಬರಲು ಮೂರರಿಂದ ಐದು ದಿನ ಬೇಕು. ನಮ್ಮ ಊರುಗಳ ಸೆಕೆಯಲ್ಲಿ ಬೇಗ ಹುಳಿಯೇರುವುದರಿಂದ ಎರಡನೆಯ ದಿನದಿಂದಲೇ ರುಚಿ ನೋಡುತ್ತಿರಬೇಕು. ಗುಳ್ಳೆ ಕಡಿಮೆಯಾಗಿ, ರಸ ತಿಳಿಯಾಗಿ, ಹುಳಿ ಹಿತವಾಗಿದ್ದರೆ ಫ್ರಿಜ್ಜಿಗೆ ಸೇರಿಸಬಹುದು. ಕೋಸು ಸದಾ ರಸದಲ್ಲಿ ಮುಳುಗಿದ್ದರೆ ವಾರಗಟ್ಟಲೆ ಉಳಿಯುತ್ತದೆ, ಮೇಲೆ ಬೂಸ್ಟು ಕಂಡರೆ ಎಸೆಯಬೇಕು.

ಈ ಕೋಸನ್ನು ತೆಳ್ಳಗೆ ಹೆಚ್ಚಿದ ಈರುಳ್ಳಿ ಮತ್ತು ಒಂದು ಚಮಚ ಸೂರ್ಯಕಾಂತಿ ಎಣ್ಣೆಯೊಂದಿಗೆ ಹಾಗೆಯೇ ತಿನ್ನುತ್ತಾರೆ. ಎಣ್ಣೆ ಶುದ್ಧೀಕರಿಸದ, ಬೀಜದ ಘಮ ಉಳಿದಿರುವ ಬಗೆಯದಾಗಿದ್ದರೆ ರುಚಿಯೇ ಬೇರೆ.

ಚಳಿಗಾಲ: ಶ್ಚಿ ಮತ್ತು ಕಾಶಾ

"ಶ್ಚಿ ಮತ್ತು ಕಾಶಾ, ಇದೇ ನಮ್ಮ ಊಟ" ಎಂಬ ಗಾದೆ ರಷ್ಯಾದಲ್ಲಿ ಎಲ್ಲರ ಬಾಯಲ್ಲೂ ಇದೆ. ಶ್ಚಿ ಎಂದರೆ ಕೋಸಿನ ಸಾರು. ಕಾಶಾ ಎಂದರೆ ಧಾನ್ಯ ಬೇಯಿಸಿದ ಅಡುಗೆ.

ಹುಳಿ ಶ್ಚಿಗೆ ನಾಲ್ವರ ಲೆಕ್ಕದಲ್ಲಿ ಅರ್ಧ ಕಿಲೋ ಹುದುಗಿಸಿದ ಕೋಸು ಸಾಕು. ಮಾಂಸ ತಿನ್ನುವವರು ಮೂಳೆಯಿರುವ ಗೋಮಾಂಸವನ್ನು ಎರಡು ಗಂಟೆ ಕುದಿಸಿ ತಿಳಿ ಬಸಿದುಕೊಳ್ಳುತ್ತಾರೆ. ಉಪವಾಸದ ದಿನಗಳಲ್ಲಿ ಒಂದು ಹಿಡಿ ಒಣ ಅಣಬೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿದ ಆ ನೀರನ್ನೂ ಸೇರಿಸಿ ಬೇಯಿಸಿದ ತಿಳಿಯೇ ಆಧಾರ. ನನಗೆ ಅಣಬೆಯ ಶ್ಚಿಯೇ ಹೆಚ್ಚು ಇಷ್ಟ, ಅದರ ತಿಳಿಯಲ್ಲಿ ಕೋಸಿನ ಹುಳಿ ಸ್ಪಷ್ಟವಾಗಿ ಕೇಳಿಬರುತ್ತದೆ.

ಕೋಸಿನ ರಸ ಹಿಂಡಿ ಪಕ್ಕಕ್ಕಿಟ್ಟು, ತೀರಾ ಹುಳಿಯಿದ್ದರೆ ಮಾತ್ರ ಒಮ್ಮೆ ತೊಳೆದು, ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಮತ್ತು ಒಂದು ಸೌಟು ತಿಳಿಯೊಂದಿಗೆ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಯಿಸಬೇಕು. ಈ ಹಂತವನ್ನು ಅವಸರಿಸಬಾರದು. ಕೋಸು ಮೃದುವಾಗಿ ಹೊಂಬಣ್ಣಕ್ಕೆ ತಿರುಗಿ, ಹುಳಿಯ ಚುರುಕು ಕಳೆದು ದುಂಡಗಾಗುವುದು ಇಲ್ಲಿಯೇ. ಬೇರೊಂದು ಬಾಣಲೆಯಲ್ಲಿ ಒಂದು ಈರುಳ್ಳಿ, ಒಂದು ಕ್ಯಾರೆಟ್ ಬಾಡಿಸಿಟ್ಟುಕೊಳ್ಳಬೇಕು. ಆಲೂಗಡ್ಡೆ ಹಾಕುವುದಾದರೆ ಒಂದು ಎಚ್ಚರ: ಅದನ್ನು ತಿಳಿಯಲ್ಲಿ ಮೊದಲೇ ಪೂರ್ತಿ ಬೇಯಿಸಿಕೊಂಡು ಆಮೇಲೆ ಕೋಸು ಸೇರಿಸಬೇಕು, ಏಕೆಂದರೆ ಹುಳಿಯಲ್ಲಿ ಬಿದ್ದ ಹಸಿ ಆಲೂಗಡ್ಡೆ ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಹಳೆಯ ಶ್ಚಿಯಲ್ಲಿ ಆಲೂಗಡ್ಡೆ ಇರಲೇ ಇಲ್ಲ. ಎರಡನೆಯ ಕ್ಯಾಥರೀನ್ ಆಳುತ್ತಿದ್ದಾಗ, 1765ರಲ್ಲಿ, ಸರ್ಕಾರವೇ ಅದರ ಬೇಸಾಯಕ್ಕೆ ಉತ್ತೇಜನ ಕೊಡಲು ಆರಂಭಿಸಿತು; 1840ರ ದಶಕದ ಆರಂಭದಲ್ಲಿಯೂ ಕಡ್ಡಾಯ ಬಿತ್ತನೆಯನ್ನು ವಿರೋಧಿಸಿ ರೈತರು ದಂಗೆ ಎದ್ದರು. ಅದಕ್ಕೂ ಮೊದಲು ಬಡವರ ಹೊಟ್ಟೆ ತುಂಬಿಸುತ್ತಿದ್ದುದು ಟರ್ನಿಪ್ ಗಡ್ಡೆ.

ಎಲ್ಲವನ್ನೂ ಕೂಡಿಸಿ, ಬೇ ಎಲೆ, ಏಳೆಂಟು ಮೆಣಸಿನ ಕಾಳು ಹಾಕಿ ಹದಿನೈದು ನಿಮಿಷ ಸಣ್ಣಗೆ ಕುದಿಸಿ, ಉಪ್ಪು ನೋಡಿ, ಹುಳಿ ಸಾಲದೆನಿಸಿದರೆ ಎತ್ತಿಟ್ಟ ರಸ ಸೇರಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ ಇಳಿಸಬೇಕು. ಹಳ್ಳಿಯ ಮನೆಗಳ ದೊಡ್ಡ ಇಟ್ಟಿಗೆ ಒಲೆಯನ್ನು ಬೆಳಿಗ್ಗೆ ಒಮ್ಮೆ ಉರಿಸಿ, ಎರಕದ ಕಬ್ಬಿಣದ ಮಡಕೆಯನ್ನು ಒಳಗಿಟ್ಟು ಇಳಿಯುವ ಬಿಸಿಯಲ್ಲಿಯೇ ಗಂಟೆಗಟ್ಟಲೆ ಬಿಡುತ್ತಿದ್ದರು. ನಾವು ಪಾತ್ರೆಗೆ ಕಂಬಳಿ ಸುತ್ತಿಟ್ಟರೆ ಅದಕ್ಕೆ ತೀರಾ ಹತ್ತಿರ ಬರುತ್ತದೆ. ಫ್ರಿಜ್ಜಿನಲ್ಲಿಟ್ಟು ಮರುದಿನ ಕಾಯಿಸಿದ ಶ್ಚಿ ಇನ್ನೂ ಚೆನ್ನ, ಅದಕ್ಕಾಗಿಯೇ ಹಿಂದಿನ ದಿನ ಮಾಡಿಡುವವರೂ ಇದ್ದಾರೆ. ಬಡಿಸುವಾಗ ಪ್ರತಿ ಬಟ್ಟಲಿಗೂ ಒಂದು ಚಮಚ ಸ್ಮೆತಾನಾ, ಅಂದರೆ ಹುಳಿಗಟ್ಟಿದ ಕೆನೆ, ಮತ್ತು ಸಬ್ಬಸಿಗೆ. ಸ್ಮೆತಾನಾ ಸಿಗದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರಿಗೆ ಅಷ್ಟೇ ತಾಜಾ ಕೆನೆ ಕಡೆದು ಬಳಸಬಹುದು. ಉಪವಾಸದ ಶ್ಚಿಗೆ ಇದನ್ನು ಹಾಕುವುದಿಲ್ಲ. ನಮ್ಮ ಸಬ್ಬಸಿಗೆಯ ಘಾಟು ಹೆಚ್ಚಾದ್ದರಿಂದ ಸ್ವಲ್ಪ ಕೈಹಿಡಿದು ಹಾಕುವುದು ಲೇಸು.

ಕಾಶಾಗಳಲ್ಲಿ ರಷ್ಯನ್ನರಿಗೆ ಅಚ್ಚುಮೆಚ್ಚಿನದು ಬಕ್‌ವೀಟ್ ಕಾಶಾ. ನಮ್ಮ ಅಂಗಡಿಗಳಲ್ಲಿ ಕುಟ್ಟು ಎಂಬ ಹೆಸರಿನಲ್ಲಿ ನವರಾತ್ರಿ ಉಪವಾಸಕ್ಕೆಂದು ಇದರ ಹಿಟ್ಟು ಮಾರುತ್ತಾರೆ. ಬೇಕಾದದ್ದು ಇಡೀ ಕಾಳು. ರಷ್ಯಾದಲ್ಲಿ ಸಿಗುವ ಕಾಳು ಮೊದಲೇ ಬಿಸಿ ತಾಗಿಸಿದ ಕಂದು ಬಣ್ಣದ್ದು. ಇಲ್ಲಿ ಸಿಗುವ ಹಸಿರು ಛಾಯೆಯ ಹಸಿ ಕಾಳನ್ನು ಹಾಗೆಯೇ ಬೇಯಿಸಿದರೆ ಅಂಟಾಗಿ ಮುದ್ದೆಯಾಗುತ್ತದೆ, ಆದ್ದರಿಂದ ಒಣ ಬಾಣಲೆಯಲ್ಲಿ ಕಂದು ಬಣ್ಣ ಬಂದು ಘಮ್ಮೆನ್ನುವವರೆಗೆ ಹುರಿಯಬೇಕು. ಒಂದು ಲೋಟ ಕಾಳಿಗೆ ಎರಡು ಲೋಟ ನೀರು, ಅರ್ಧ ಚಮಚ ಉಪ್ಪು. ಕುದಿ ಬಂದ ಮೇಲೆ ಬಿಗಿಯಾಗಿ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಹದಿನೈದು ಇಪ್ಪತ್ತು ನಿಮಿಷ ಬೇಯಿಸಬೇಕು, ನಡುವೆ ಕೈಯಾಡಿಸಲೇಬಾರದು. ಬಳಿಕ ಟವಲ್ ಸುತ್ತಿ ಅರ್ಧ ಗಂಟೆ ಬಿಟ್ಟರೆ ಕಾಳು ಅರಳಿ ಉದುರುದುರಾಗುತ್ತದೆ. ಬೆಣ್ಣೆ ಹೆಚ್ಚಾಗಿ ಕಾಶಾ ಕೆಟ್ಟಿದ್ದಿಲ್ಲ ಎನ್ನುವುದು ಅಲ್ಲಿಯ ಇನ್ನೊಂದು ಗಾದೆ. ಈರುಳ್ಳಿಯೊಂದಿಗೆ ಹುರಿದ ಅಣಬೆ ಬೆರೆಸಿದರೆ ಇದೇ ಪೂರ್ಣ ಊಟ.

ವಸಂತ ಮತ್ತು ಬೇಸಿಗೆ

ಹಿಮ ಕರಗಿ ಮೊದಲ ಸೊಪ್ಪು ಕಂಡಾಗ ಶ್ಚಿ ಹಸಿರಾಗುತ್ತದೆ. ಎಳೆಯ ತುರಿಕೆಸೊಪ್ಪಿನ ಚಿಗುರನ್ನು ಕೈಗವಸು ತೊಟ್ಟು ಕಿತ್ತು, ಕುದಿನೀರು ಸುರಿದು ಚುಚ್ಚುವ ಗುಣ ಕಳೆದು ಬಳಸುತ್ತಾರೆ. ಹುಳಿಗೆ ಸೋರೆಲ್ ಸೊಪ್ಪು. ಅದರದೇ ಕುಲಕ್ಕೆ ಸೇರಿದ ಚುಕ್ಕಿ ಸೊಪ್ಪು ನಮ್ಮ ಸಂತೆಗಳಲ್ಲಿ ಸಿಗುವುದರಿಂದ ಬದಲಿಗೆ ಬೇರೆ ಹುಡುಕಬೇಕಿಲ್ಲ. ಆಲೂಗಡ್ಡೆ ಬೆಂದ ತಿಳಿಗೆ ಹೆಚ್ಚಿದ ಸೊಪ್ಪು ಹಾಕಿ ಮೂರ್ನಾಲ್ಕು ನಿಮಿಷದಲ್ಲಿ ಇಳಿಸಿ, ಬೇಯಿಸಿದ ಅರ್ಧ ಮೊಟ್ಟೆಯೊಂದಿಗೆ ಬಡಿಸಿದರೆ ಆಯಿತು.

ಜುಲೈ ಬಿಸಿಲಿಗೆ ಅಕ್ರೋಷ್ಕಾ ಎಂಬ ತಣ್ಣನೆಯ ಸಾರು. ಸೌತೆಕಾಯಿ, ಮೂಲಂಗಿ, ಬೇಯಿಸಿದ ಆಲೂಗಡ್ಡೆ ಮತ್ತು ಮೊಟ್ಟೆಯ ಬಿಳಿಭಾಗವನ್ನು ಒಂದೇ ಗಾತ್ರಕ್ಕೆ ಸಣ್ಣಗೆ ಹೆಚ್ಚಬೇಕು. ಈರುಳ್ಳಿ ಹೂವನ್ನು ಸಬ್ಬಸಿಗೆ ಮತ್ತು ಉಪ್ಪಿನೊಂದಿಗೆ ರಸ ಬಿಡುವಂತೆ ಕಿವುಚಿ, ಮೊಟ್ಟೆಯ ಹಳದಿಯನ್ನು ಒಂದು ಚಮಚ ಅರೆದ ಸಾಸಿವೆಯೊಂದಿಗೆ ಕದಡಿ ಸೇರಿಸಬೇಕು. ಇದರ ಮೇಲೆ ಸುರಿಯುವುದು ರೈ ಎಂಬ ಧಾನ್ಯದ ಬ್ರೆಡ್ ಹುದುಗಿಸಿ ಮಾಡಿದ ಕ್ವಾಸ್ ಎಂಬ ಪಾನೀಯ. ಕೆಫೀರ್ ಎಂಬ ಹುಳಿಹಾಲು ಸುರಿಯುವ ಮನೆಗಳೂ ಬಹಳ, ಹಾಗಾಗಿ ನಾವು ದಪ್ಪ ಮಜ್ಜಿಗೆ ಬಳಸಿದರೆ ತಪ್ಪಾಗದು. ಬಡಿಸುವ ಹೊತ್ತಿಗೆ ಮಾತ್ರ ಸುರಿಯಬೇಕು.

ಆಗಸ್ಟ್ 19 ಸೇಬಿನ ಹಬ್ಬ. ಆ ದಿನ ಹೊಸ ಸೇಬನ್ನು ಚರ್ಚಿನಲ್ಲಿ ಪೂಜೆ ಮಾಡಿಸಿ ತರುತ್ತಾರೆ. ಅಲ್ಲಿಂದ ಮನೆಮನೆಯಲ್ಲೂ ಶಾರ್ಲೋತ್ಕಾ ಎಂಬ ಕೇಕ್ ಬೇಯುತ್ತದೆ. ನಾಲ್ಕು ಮೊಟ್ಟೆಗೆ ಒಂದು ಲೋಟ ಸಕ್ಕರೆ ಹಾಕಿ ಬಿಳಿಚಿ ದಪ್ಪಗಾಗುವವರೆಗೆ ಚೆನ್ನಾಗಿ ಕಡೆದು, ಒಂದು ಲೋಟ ಮೈದಾವನ್ನು ನೊರೆ ಇಳಿಯದಂತೆ ಮೆಲ್ಲಗೆ ಬೆರೆಸಿ, ನಾಲ್ಕೈದು ಹುಳಿ ಸೇಬಿನ ಹೋಳುಗಳ ಮೇಲೆ ಸುರಿದು 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಬೇಯಿಸಬೇಕು. ಮೊದಲ 25 ನಿಮಿಷ ಓವನ್ ಬಾಗಿಲು ತೆರೆದರೆ ಕೇಕ್ ಕುಸಿಯುತ್ತದೆ. ಸಿಹಿ ಸೇಬು ಮಾತ್ರ ಸಿಕ್ಕಿದರೆ ಹೋಳುಗಳಿಗೆ ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಸಕ್ಕರೆಯನ್ನು ಎರಡು ಚಮಚ ಕಡಿಮೆ ಮಾಡಬೇಕು.