ಎರಡು ರೆಲ್ಮ್‌ಗಳ ನಡುವೆ ಕಳೆದ ಒಂದು ವಾರ

ನಮ್ಮ ಹಡೂಪ್ ಕ್ಲಸ್ಟರ್‌ಗೆ (ದೊಡ್ಡ ಡೇಟಾವನ್ನು ಹಂಚಿಕೊಂಡು ಸಂಸ್ಕರಿಸುವ ಕಂಪ್ಯೂಟರ್‌ಗಳ ಗುಂಪಿಗೆ) ಅದರದೇ ಎಂಐಟಿ ಕರ್ಬೆರೋಸ್ ಕೆಡಿಸಿ, ಅಂದರೆ ಗುರುತು ಪರೀಕ್ಷಿಸಿ ಟಿಕೆಟ್ ಕೊಡುವ ಸರ್ವರ್, ಇತ್ತು. ಹೀಗೆ ಒಂದು ಕೆಡಿಸಿ ನೋಡಿಕೊಳ್ಳುವ ವಲಯವೇ ರೆಲ್ಮ್. ನೇಮ್‌ನೋಡ್, ಹೈವ್ ಮುಂತಾದ ಸರ್ವಿಸ್‌ಗಳ ಪ್ರಿನ್ಸಿಪಲ್‌ಗಳೆಲ್ಲ (ಕರ್ಬೆರೋಸ್‌ನಲ್ಲಿನ ಖಾತೆಗಳು) ಅಲ್ಲೇ. ಜನರ ಖಾತೆಗಳು ಮಾತ್ರ ಕಂಪನಿಯ ಆಕ್ಟಿವ್ ಡೈರೆಕ್ಟರಿಯಲ್ಲಿ (ಎಡಿ, ಮೈಕ್ರೋಸಾಫ್ಟ್‌ನ ಖಾತೆ ವ್ಯವಸ್ಥೆ; ಅದೂ ಒಂದು ರೆಲ್ಮ್). ಎಲ್ಲರಿಗೂ ಎರಡನೇ ಪಾಸ್‌ವರ್ಡ್ ಕೊಟ್ಟು, ಮರೆತಾಗಲೆಲ್ಲ ಬದಲಿಸಿ ಕೊಟ್ಟು ನನಗೆ ಸಾಕಾಗಿತ್ತು. ಒಮ್ಮುಖ ಟ್ರಸ್ಟ್ ಹಾಕಲು ಹೊರಟೆ: ಕ್ಲಸ್ಟರ್ ಎಡಿಯನ್ನು ನಂಬಿದರೆ ಸಾಕು, ಎಡಿ ನಮ್ಮನ್ನು ನಂಬಬೇಕಿಲ್ಲ.

ಟ್ರಸ್ಟ್ ಹಾಕುವುದು ಹತ್ತು ನಿಮಿಷದ ಕೆಲಸ. ಎಡಿ ಕಡೆ ನೆಟ್‌ಡಾಮ್ ಕಮಾಂಡ್, ನಮ್ಮ ಕಡೆ ಕೆ-ಅಡ್ಮಿನ್ ಕಮಾಂಡ್; ಎರಡೂ ಕಡೆ ಒಂದೇ ಪಾಸ್‌ವರ್ಡಿನ ಒಂದೇ ಟಿಜಿಟಿ (ಬೇರೆ ಟಿಕೆಟ್ ಪಡೆಯಲು ಬೇಕಾದ ಮೂಲ ಟಿಕೆಟ್) ಪ್ರಿನ್ಸಿಪಲ್. ಎಡ್ಜ್ ನೋಡ್‌ನಲ್ಲಿ (ಬಳಕೆದಾರರು ಕ್ಲಸ್ಟರ್ ಬಳಸಲು ಲಾಗಿನ್ ಆಗುವ ಯಂತ್ರ) ಟಿಕೆಟ್ ಕೇಳುವ ಕೆ-ಇನಿಟ್ ಮಾಡಿದರೆ ಎಡಿ ಟಿಕೆಟ್ ಬಂತು. ಹಡೂಪ್‌ನ ಫೈಲ್ ವ್ಯವಸ್ಥೆಯಾದ ಎಚ್‌ಡಿಎಫ್‌ಎಸ್‌ನ ಫೈಲ್ ಪಟ್ಟಿ ಕೇಳಿದರೆ ಮಾತ್ರ ಎರರ್.

ಟ್ರೇಸ್ ಹಾಕಿ ನೋಡಿದೆ. ಎಡಿ ಕೊಟ್ಟ ಕ್ರಾಸ್-ರೆಲ್ಮ್ ಟಿಕೆಟ್ ಹಿಡಿದು ಕ್ಲೈಂಟ್ ನಮ್ಮ ಕೆಡಿಸಿ ಬಾಗಿಲಿಗೆ ಹೋಗುತ್ತಿತ್ತು, ಅಲ್ಲಿ ಅದನ್ನು ತಿರಸ್ಕರಿಸಲಾಗುತ್ತಿತ್ತು. ನಾನು ನಮ್ಮ ಕಡೆ ಎಇಎಸ್ 256 ಎಂಬ ಗೂಢಲಿಪಿಯ ಕೀಲಿ ಮಾತ್ರ ಮಾಡಿದ್ದೆ. ಎಡಿ ಟಿಕೆಟ್ಟನ್ನು ಹಳೆಯ ಆರ್‌ಸಿ4 ಗೂಢಲಿಪಿಯಲ್ಲಿ ಮುಚ್ಚಿ ಕಳಿಸುತ್ತಿತ್ತು. ಆ ಟ್ರಸ್ಟ್‌ಗೆ ಎಇಎಸ್ ಬಳಸು ಎಂದು ಎಡಿ ಕಡೆಯ ಕೆ-ಸೆಟಪ್ ಕಮಾಂಡ್‌ನಲ್ಲಿ ಬೇರೆಯಾಗಿ ಹೇಳಬೇಕಿತ್ತು. ಇಷ್ಟಕ್ಕೆ ಎರಡು ದಿನ.

ಆಮೇಲೆ ಎರರ್ ಬದಲಾಯಿತು: 'ನೋ ರೂಲ್ಸ್ ಅಪ್ಲೈಡ್ ಟು', ಅಂದರೆ ಈ ಹೆಸರಿಗೆ ಯಾವ ನಿಯಮವೂ ಹೊಂದಲಿಲ್ಲ. ಅರ್ಧ ಗೆದ್ದೆ ಎಂದುಕೊಂಡೆ. ತವರಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇದ್ದ ಹಾಗೆ, ಎಡಿಯಿಂದ ಬಂದವರನ್ನು ಇಲ್ಲಿ ಏನೆಂದು ಕರೆಯಬೇಕು ಅಂತ ಹಡೂಪ್‌ಗೆ ಗೊತ್ತಿಲ್ಲ. ಪ್ರಿನ್ಸಿಪಲ್‌ನ ತುದಿಯಲ್ಲಿ ರೆಲ್ಮ್ ಹೆಸರಿರುತ್ತದೆ; ಡಿಫಾಲ್ಟ್ ನಿಯಮ ಸ್ವಂತ ರೆಲ್ಮ್‌ನ ಹೆಸರನ್ನಷ್ಟೇ ಕತ್ತರಿಸುತ್ತದೆ. ಹಡೂಪ್‌ನ ಕೋರ್-ಸೈಟ್ ಸೆಟ್ಟಿಂಗ್ ಫೈಲ್‌ನ 'ಆತ್ ಟು ಲೋಕಲ್'ನಲ್ಲಿ ಎಡಿ ರೆಲ್ಮ್‌ಗೂ ನಿಯಮ ಬರೆಯಬೇಕು.

ಬರೆದೆ. ಟೀ ಕುಡಿಯುವಾಗ ಬೆವರಿತು: ಎಡಿಯಲ್ಲಿ ಯಾರಾದರೂ 'ಎಚ್‌ಡಿಎಫ್‌ಎಸ್' ಎಂಬ ಖಾತೆ ತೆರೆದರೆ? ರೆಲ್ಮ್ ಕತ್ತರಿಸಿದ ಮೇಲೆ ಉಳಿಯುವುದು ನಮ್ಮ ಸೂಪರ್‌ಯೂಸರ್ ಹೆಸರೇ! ನಿಯಮಗಳಲ್ಲಿ ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಹಾಗಾಗಿ ಎಚ್‌ಡಿಎಫ್‌ಎಸ್, ಯಾರ್ನ್ (ಜಾಬ್‌ಗಳನ್ನು ಓಡಿಸುವ ಭಾಗ), ಹೈವ್ ಹೆಸರಲ್ಲಿ ಎಡಿಯಿಂದ ಬಂದವರನ್ನು ಅಧಿಕಾರವಿಲ್ಲದ 'ನೋಬಡಿ' ಮಾಡುವ ಸಾಲುಗಳನ್ನು ಎಲ್ಲಕ್ಕಿಂತ ಮೇಲೆ ಹಾಕಿದೆ. ಟ್ರಸ್ಟ್ ಹಾಕುವವರು ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ. ರೀಸ್ಟಾರ್ಟ್‌ಗೆ ಮುಂಚೆ 'ಹಡೂಪ್‌ಕರ್ಬೆರೋಸ್‌ನೇಮ್' ಕ್ಲಾಸ್ ಓಡಿಸಿದರೆ ಯಾವ ಹೆಸರು ಏನಾಗುತ್ತದೆ ಎಂದು ಅದೇ ಹೇಳುತ್ತದೆ. ನನಗಿದು ಮೂರನೇ ರೀಸ್ಟಾರ್ಟ್ ಆದ ಮೇಲೆ ಗೊತ್ತಾಯಿತು.

ಈಗ ಫೈಲ್ ಕಾಣುತ್ತಿದ್ದವು, ಜಾಬ್ ಓಡುತ್ತಿರಲಿಲ್ಲ. ಸುರಕ್ಷಿತ ಕ್ಲಸ್ಟರ್‌ನಲ್ಲಿ ಯಾರ್ನ್ ಕಂಟೇನರ್ (ಜಾಬ್‌ನ ಒಂದೊಂದು ತುಂಡು) ಓಡುವುದು ಆ ಬಳಕೆದಾರನ ಹೆಸರಲ್ಲೇ. ಪ್ರತಿ ನೋಡ್‌ನ ಲಿನಕ್ಸ್‌ಗೂ ಅವನ ಪರಿಚಯವಿರಬೇಕು. ಎಡಿಯ ಖಾತೆಗಳನ್ನು ಲಿನಕ್ಸ್‌ಗೆ ಪರಿಚಯಿಸುವ ಎಸ್‌ಎಸ್‌ಎಸ್‌ಡಿಯನ್ನು ಎಲ್ಲ ನೋಡ್‌ಗಳಿಗೂ ಹಾಕಿದೆ, ಮುಗಿಯಿತು.

ಮಾರನೇ ದಿನ ಸಹೋದ್ಯೋಗಿಯೊಬ್ಬರು ಬಂದು, "ನನ್ನ ಫೋಲ್ಡರ್ ನನಗೇ ತೆರೆಯುತ್ತಿಲ್ಲ ಸರ್" ಎಂದರು. ಕೆ-ಇನಿಟ್‌ನಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕ್ಯಾಪಿಟಲ್‌ನಲ್ಲಿ ಹೊಡೆದಿದ್ದರು. ಎಡಿಗೆ ಎರಡೂ ಒಂದೇ, ಎಚ್‌ಡಿಎಫ್‌ಎಸ್‌ಗೆ ಅವರು ಬೇರೆಯೇ ಮನುಷ್ಯ. ನಿಯಮದ ತುದಿಗೆ ಒಂದು ಸ್ಲ್ಯಾಶ್, ಒಂದು ಕ್ಯಾಪಿಟಲ್ 'ಎಲ್' ಸೇರಿಸಿದೆ. ಎಲ್ಲ ಹೆಸರೂ ಸಣ್ಣಕ್ಷರಕ್ಕೆ ಇಳಿದವು.