ಪವನಾ ಹಿನ್ನೀರಿನ ಬಳಿ ನಾಲ್ಕು ಪಾಲಿನ ಮಣ್ಣಿನ ಮನೆ: ನನ್ನ ಅನುಭವ

ಈ ಆಗಸ್ಟ್‌ನಲ್ಲಿ ಹತ್ತು ಹನ್ನೊಂದು ದಿನ ಬಿಡದೆ ಮಳೆ ಹೊಯ್ಯಿತು. ನಿಂತ ಮೇಲೆ, ಪವನಾ ಅಣೆಕಟ್ಟಿನ ಹಿನ್ನೀರಿನ ಬಳಿ ನಾವು ನಾಲ್ವರು ಪಾಲು ಹಾಕಿ ಕೊಂಡ ಹಳೆಯ ಮಣ್ಣಿನ ಮನೆಗೆ ಹೋಗಿ ಪಡುಗೋಡೆಯ ಒಳಮೈಗೆ ಅಂಗೈಯಿಟ್ಟು ನೋಡಿದೆ. ತಂಪಿತ್ತು, ಒದ್ದೆ ಇರಲಿಲ್ಲ. ಏಳು ಮಳೆಗಾಲ ಕಾದದ್ದು ಇದಕ್ಕೆ.

"ಪಾಲಿನ ಮನೆ ಪಾಳು ಬೀಳುತ್ತದೆ, ಬರೆದಿಟ್ಟುಕೊಳ್ಳಿ" ಎಂದಿದ್ದರು ಭಾವ. ಪುಣೆ ಪಕ್ಕದ ಚಿಂಚವಡದ ನಮ್ಮ ಕನ್ನಡ ಬಳಗದವರಿಗೂ ನಂಬಿಕೆ ಇರಲಿಲ್ಲ. ನೀರಿನ ಪಕ್ಕದ ಮನೆ ಸಂಬಳದವರಿಗೆ ದಕ್ಕುವುದಿಲ್ಲ ಎಂಬುದು ಅವರ ಮಾತು. ಆ ಮಾತಿಗೆ ಕಾರಣವೂ ಇತ್ತು. ಆಗ ದಂಡೆಯ ಎನ್‌ಎ (ಕೃಷಿಯೇತರ) ನಿವೇಶನಕ್ಕೇ ದಲ್ಲಾಳಿಗಳು ನಲವತ್ತು ಲಕ್ಷದ ಮೇಲೆ ಹೇಳುತ್ತಿದ್ದರು.

ಮೊದಲ ಪೆಟ್ಟು ಬಿದ್ದದ್ದು 2016ರಲ್ಲಿ. ನೀರಿಗೆ ತಾಗಿದ ಆರು ಗುಂಟೆಗೆ ಎಪ್ಪತ್ತೈದು ಸಾವಿರ ಮುಂಗಡ ಕೊಟ್ಟೆ. ಸಾತ್‌ಬಾರಾ, ಎಂದರೆ ಅಲ್ಲಿನ ಪಹಣಿ, ತೆಗೆಸಿದರೆ ಅದು ಕೃಷಿ ಜಮೀನು. ಅಪ್ಪ ಸಾಗರದ ಕಡೆ ಬೇರೆಯವರ ಅಡಿಕೆ ತೋಟದಲ್ಲಿ ದುಡಿದವರು, ನಮ್ಮ ಹೆಸರಿನಲ್ಲಿ ಒಂದು ಪಹಣಿಯೂ ಇಲ್ಲ. ರೈತರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಮುಗಳನ್ನು ಕರ್ನಾಟಕದಲ್ಲಿ 2020ರಲ್ಲಿ ತೆಗೆದು ಹಾಕಿದರು. ಮಹಾರಾಷ್ಟ್ರದಲ್ಲಿ ರೈತನಲ್ಲದವನಿಗೆ ಆ ಬಾಗಿಲಿಲ್ಲ. ಸಾಲದ್ದಕ್ಕೆ ಅಷ್ಟು ಸಣ್ಣ ತುಂಡಿಗೆ, ಜಮೀನನ್ನು ಚೂರು ಮಾಡಿ ಮಾರದಂತೆ ತಡೆಯುವ 1947ರ ತುಕಡೇಬಂದಿ ಕಾಯಿದೆಯ ತೊಡಕು ಬೇರೆ. ಮುಂಗಡ ಮರಳಿ ಬರಲಿಲ್ಲ.

ಆಮೇಲೆ ಗಾವ್‌ಠಾಣದೊಳಗಿನ, ಎಂದರೆ ಕೃಷಿ ಜಮೀನಲ್ಲದ ಊರೊಳಗಿನ ವಾಸದ ಜಾಗದ, ಹಳೆಯ ಮನೆಗಳನ್ನು ಹುಡುಕಿದೆ. ಸಿಕ್ಕ ಮನೆಯಿಂದ ನೀರಿಗೆ ಹದಿನೈದು ನಿಮಿಷದ ನಡಿಗೆ, ಜಗಲಿಯಲ್ಲಿ ಕೂತರೆ ಎದುರಿಗೆ ತಿಕೋನಾ ಕೋಟೆ. ದಂಡೆಯ ಮೇಲೇ ಇಲ್ಲವಲ್ಲ ಎಂದು ಅಕ್ಕ ಕೊರಗಿದಳು. ಆದರೆ ಪವನಾ ನೀರು ಪಿಂಪ್ರಿ-ಚಿಂಚವಡದ ನಲ್ಲಿಗಳಿಗೆ ಹೋಗುವಂಥದ್ದು. ಮೇ ತಿಂಗಳಲ್ಲಿ ಅದು ಎಷ್ಟು ಹಿಂದೆ ಸರಿಯುತ್ತದೆಂದರೆ, ದಂಡೆಯ ಬಂಗಲೆಯವರೂ ಬಿರಿದ ನೆಲ ತುಳಿದೇ ಅದನ್ನು ಮುಟ್ಟಬೇಕು. ಗಾವ್‌ಠಾಣದ ಮನೆಗೆ ಪಂಚಾಯಿತಿಯ ನಮುನಾ ಆಠ್ ಎಂಬ ಮನೆ ತೆರಿಗೆಯ ದಾಖಲೆ ನೋಡಬೇಕು. ನಮ್ಮದರಲ್ಲಿ ತೀರಿಹೋದ ಇಬ್ಬರ ಹೆಸರುಗಳಿದ್ದವು. ಆ ಮನೆಯಿಂದ ಮದುವೆಯಾಗಿ ಹೋದ ಮೂವರು ಹೆಣ್ಣುಮಕ್ಕಳಿಂದ ಹಕ್ಕ್‌ಸೋಡ್ (ಹಕ್ಕು ಬಿಟ್ಟುಕೊಡುವ) ಪತ್ರ ಬರೆಸಲು ಎಂಟು ತಿಂಗಳು ಹಿಡಿಯಿತು. ಅವಸರದವರು ಅಲ್ಲಿಯೇ ಕೈಬಿಡುತ್ತಾರೆ, ನಾನು ಬಿಡಲಿಲ್ಲ. ಕೊನೆಗೆ ಒಂದು ಗುಂಟೆಯ ಮೇಲೆ ಚೂರು ಜಾಗ ಮತ್ತು ಮನೆ ಒಂಬತ್ತೂವರೆ ಲಕ್ಷಕ್ಕೆ ಆಯಿತು. ನೋಂದಣಿ, ವಕೀಲರು ಎಲ್ಲ ಸೇರಿ ಇನ್ನೊಂದು ತೊಂಬತ್ತು ಸಾವಿರ. ಅಣ್ಣ, ಅಕ್ಕ, ಚಿಕ್ಕಪ್ಪನ ಮಗ ಮತ್ತು ನಾನು ಸಮಪಾಲು ಹಾಕಿದೆವು. ಅಕ್ಕ ಹಾಕಿದ್ದು ತನ್ನದೇ ಉಳಿತಾಯ. ಬೆಲೆ ಇಳಿಸಿದ ಬಗೆಯನ್ನು ಬರೆಯುವುದಿಲ್ಲ, ಅದೇ ಊರಿನಲ್ಲಿ ಇನ್ನೊಂದು ಮನೆಯ ಮೇಲೆ ನನ್ನ ಕಣ್ಣಿದೆ.

ಕೊಂಡದ್ದಕ್ಕಿಂತ ಕಷ್ಟವಾದದ್ದು ಮಳೆ. ಮೊದಲ ವರ್ಷ ಹಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದೆ. ತೇವ ಒಳಗೇ ನಿಂತು ರೀಪುಗಳು ಕೊಳೆತವು. ಎರಡನೆಯ ವರ್ಷ ಪಡುಗೋಡೆಗೆ ಮೂವತ್ತೆಂಟು ಸಾವಿರದ ಜಲನಿರೋಧಕ ಬಣ್ಣ ಹೊಡೆಸಿದೆ. ಜುಲೈನಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಳಗಿನಿಂದ ಕೆಸರು ಜಾರಿತು, ಸೆಪ್ಟೆಂಬರ್ ಹೊತ್ತಿಗೆ ಮೂರಡಿ ಗೋಡೆ ಕುಸಿಯಿತು. ಮಣ್ಣಿಗೆ ಉಸಿರು ಕಟ್ಟಿಸಬಾರದು.

ಆಗ ನೆನಪಾದದ್ದು ಗೋಡೆಗೆ ಮಳೆ ಹೊಡೆಯದಂತೆ ಅಪ್ಪ ಕಟ್ಟುತ್ತಿದ್ದ ಅಡಿಕೆ ಸೋಗೆಯ ತಟ್ಟಿ. ಇಲ್ಲಿ ಸೋಗೆ ಇಲ್ಲ. ಪಕ್ಕದ ಮನೆಯ ಮಾವಶಿಯ (ಮರಾಠಿಯಲ್ಲಿ ಚಿಕ್ಕಮ್ಮ) ಹಳೆಯ ದನದ ಕೊಟ್ಟಿಗೆಯ ಗೋಡೆ ಕಾರ್ವಿ ಎಂಬ ಕಾಡು ಪೊದೆಯ ಕಡ್ಡಿಯದು, ಅದನ್ನು ಬಿಚ್ಚುವಾಗ ಕಡ್ಡಿಗಳನ್ನು ನನಗೇ ಕೊಟ್ಟರು. ಕಾರ್ವಿ ಚೌಕಟ್ಟಿಗೆ ಭತ್ತದ ಹುಲ್ಲು ಹೆಣೆದು, ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದೆ. ಮೊದಲೆರಡು ವರ್ಷ ಗಾಳಿ ಅದನ್ನು ಕಿತ್ತೊಯ್ಯಿತು. ಮೇಲಂಚಿಗೆ ಅಪ್ಪ ಹಾಕುತ್ತಿದ್ದ ಗಂಟು ಕೈಗೆ ಬಂದ ಮೇಲೆ ನಿಂತಿತು. ಆ ಗಂಟು ನಮ್ಮ ಮನೆಯಲ್ಲೇ ಇರಲಿ. ವರ್ಷಕ್ಕೆ ಹುಲ್ಲು, ಹಗ್ಗ, ಆಳು, ಒಡೆದ ಹಂಚು ಎಲ್ಲ ಸೇರಿ ಹದಿನೇಳು ಸಾವಿರ ದಾಟುವುದಿಲ್ಲ.

ನಡುವೆ ಹಿತ್ತಲಿನ ಮಾವಿಗೆ ಸಾಗರದ ಕಾಳುಮೆಣಸಿನ ಬಳ್ಳಿ ಹಬ್ಬಿಸಿ ನೋಡಿದೆ. ಮಳೆಯಲ್ಲಿ ಚಿಗುರಿ ಏಪ್ರಿಲ್‌ನಲ್ಲಿ ಕಡ್ಡಿಯಾಯಿತು. ಮುರುಗಲು (ಕೋಕಂ) ಗಿಡ ಮಾತ್ರ ಮೂರರಲ್ಲಿ ಎರಡು ಬದುಕಿವೆ.

ಖರ್ಚಿಗೆ ತಲಾ ತಿಂಗಳಿಗೆ ಒಂದೂವರೆ ಸಾವಿರ, ವರ್ಷಕ್ಕೆ ಎಪ್ಪತ್ತೆರಡು ಸಾವಿರ. ಮನೆ ನೋಡಿಕೊಳ್ಳುವ ಮಾವಶಿಗೆ ಮೂವತ್ತು ಸಾವಿರ, ವಿದ್ಯುತ್ತು ಮತ್ತು ಮನೆ ತೆರಿಗೆ ಏಳು ಸಾವಿರ, ಮಳೆಗಾಲದ ಕೆಲಸ ಕಳೆದು ಹದಿನೆಂಟು ಸಾವಿರದಷ್ಟು ಉಳಿಯುತ್ತದೆ. ಮೂರನೆಯ ವರ್ಷ ಮಗಳ ಮದುವೆಯಿಂದಾಗಿ ಅಣ್ಣ ಎಂಟು ತಿಂಗಳು ಕೊಡಲಿಲ್ಲ, ಮಾತುಕತೆಯೂ ನಿಂತಿತು. ಆಗ ಒಂದು ನಿಯಮ ಮಾಡಿದೆ: ದುಡ್ಡಿಲ್ಲದವರು ಕೆಲಸ ಮಾಡಲಿ, ಒಂದು ದಿನಕ್ಕೆ ಆರುನೂರು ರೂಪಾಯಿ ಜಮಾ. ಅಣ್ಣ ಇಪ್ಪತ್ತು ದಿನ ಬಂದು ಮಾಡಿನ ರೀಪುಗಳನ್ನೆಲ್ಲ ಬದಲಿಸಿ ಬಾಕಿ ತೀರಿಸಿದ. ಪಾಲು ಮಾರುವವರು ಉಳಿದ ಮೂವರಿಗೇ ಮಾರಬೇಕೆಂದು ಮೊದಲೇ ಬರೆದಿಟ್ಟಿದ್ದೆವು. ಇದುವರೆಗೆ ಯಾರೂ ಮಾರಿಲ್ಲ.

ಅಕ್ಟೋಬರ್ ಕೊನೆಗೆ ತಟ್ಟಿ ಬಿಚ್ಚಬೇಕು, ಹುಲ್ಲು ಮಾವಶಿಯ ಗೊಬ್ಬರದ ಗುಂಡಿಗೆ. ಈ ಸಲ ಭಾವ ತಾವೂ ಬರುತ್ತೇನೆಂದಿದ್ದಾರೆ. ಅಕ್ಕನ ಖಾತೆಗೆ ಅವರ ಎರಡು ದಿನದ ಕೂಲಿ ಜಮಾ ಮಾಡುತ್ತೇನೆ.