ಸಿಪ್ಯಾಪ್ ಡೇಟಾದಲ್ಲಿ ಸುಳ್ಳು ಇವೆಂಟ್: ನಾನು ನೋಡುವ ರೀತಿ

ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಗೆ (ಆಪ್ನಿಯಾ) ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ಮಷಿನ್ ಸಿಪ್ಯಾಪ್. ಬೆಳಿಗ್ಗೆ ಅದರ ಪರದೆಯಲ್ಲಿ ಎಎಚ್‌ಐ (ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಅನ್ನುವ ಲೆಕ್ಕ) 6 ಅಥವಾ 7 ಅಂತ ಕಂಡರೆ ಯಾರಿಗಾದರೂ ಗಾಬರಿಯಾಗುತ್ತದೆ. 5ರೊಳಗೆ ಇರಬೇಕು ಅಂತ ಡಾಕ್ಟರ್ ಹೇಳಿರುತ್ತಾರೆ ಅಲ್ವಾ? ಆದರೆ ನಾವು ನಿದ್ದೆ ಮಾಡುತ್ತಿದ್ದೇವೋ ಸುಮ್ನೆ ಕಣ್ಣು ಮುಚ್ಚಿ ಮಲಗಿದ್ದೇವೋ ಅನ್ನುವುದು ಸಿಪ್ಯಾಪ್‌ಗೆ ಗೊತ್ತಾಗುವುದಿಲ್ಲ. ಸ್ಲೀಪ್ ಸ್ಟಡಿಯಲ್ಲಿ ತಲೆಗೆ ವೈರ್ ಅಂಟಿಸಿ ಮಿದುಳಿನ ಅಲೆ ನೋಡುತ್ತಾರೆ. ಮನೆಯ ಮಷಿನ್‌ಗೆ ಸಿಗುವುದು ಟ್ಯೂಬಿನೊಳಗಿನ ಗಾಳಿಯ ಲೆಕ್ಕ ಮಾತ್ರ. ನಾವು ಎಚ್ಚರವಿದ್ದರೂ ಸರಿ, 10 ಸೆಕೆಂಡ್ ಉಸಿರು ನಿಂತರೆ ಒಂದು ಇವೆಂಟ್ ಅಂತ ಬರೆದುಕೊಳ್ಳುತ್ತದೆ.

ಅದಕ್ಕೇ ನಾನು ಮಷಿನ್‌ನ ಎಸ್‌ಡಿ ಕಾರ್ಡ್ ತೆಗೆದು, ಆಸ್ಕರ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಫ್ಲೋ ರೇಟ್ ಗ್ರಾಫ್ (ಒಂದೊಂದು ಉಸಿರೂ ಒಂದು ಅಲೆಯಾಗಿ ಕಾಣುವ ಗೆರೆ) ತೆರೆಯುತ್ತೇನೆ. (ಕಾರ್ಡಿನ ಪಕ್ಕದ ಲಾಕ್ ಹಾಕಿಯೇ ಲ್ಯಾಪ್‌ಟಾಪ್‌ಗೆ ಹಾಕಿ, ಮಷಿನ್‌ಗೆ ವಾಪಸ್ ಹಾಕುವಾಗ ಮರೆಯದೆ ಲಾಕ್ ತೆಗೆಯಿರಿ.)

ಮೊನ್ನೆಯದೇ ನೋಡಿ. ಬೆಳಗಿನ ಜಾವ ಒಂದು ‘ಕ್ಲಿಯರ್ ಏರ್‌ವೇ’ ಗುರುತು (ಗಂಟಲು ತೆರೆದಿದ್ದರೂ ಉಸಿರು ನಿಂತಿದೆ ಅಂತ ಮಷಿನ್ ಹಾಕುವ ಗುರುತು) ಬಿದ್ದಿತ್ತು. ಮೂರು ನಿಮಿಷದಷ್ಟು ಭಾಗವನ್ನು ಜೂಮ್ ಮಾಡಿದೆ. ಮೊದಲು ಒಂದೇ ಸಮನೆ, ಒಂದೇ ಎತ್ತರದ ಅಲೆಗಳು, ಅದು ನಿದ್ದೆಯ ಉಸಿರು. ಆಮೇಲೆ ಲಯ ಕೆಟ್ಟು ಒಂದು ಎತ್ತರ, ಒಂದು ಗಿಡ್ಡ. ಅದೇ ಹೊತ್ತಿಗೆ ಲೀಕ್ ಗೆರೆಯೂ ಮೇಲೆದ್ದಿತ್ತು, ಅಂದರೆ ಮಗ್ಗಲು ಬದಲಿಸುವಾಗ ಮಾಸ್ಕ್ ಸರಿದಿರಬೇಕು. ನಂತರ ಒಂದು ದೊಡ್ಡ ಉಸಿರು, ಅದರ ಬೆನ್ನಿಗೇ ಹನ್ನೆರಡು ಸೆಕೆಂಡ್ ಚಪ್ಪಟೆ ಗೆರೆ. ದೊಡ್ಡ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುವುದರಿಂದ ಮುಂದಿನ ಉಸಿರಿಗೆ ದೇಹ ಅವಸರ ಮಾಡುವುದಿಲ್ಲ. ಎಚ್ಚರವಿರುವಾಗಲೂ ಹೀಗಾಗುತ್ತದೆ. ಇದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಂಟಲು ಮುಚ್ಚಿಕೊಂಡು ಆಗುವ ನಿಜವಾದ ಆಪ್ನಿಯಾದಲ್ಲಿ ಸಾಮಾನ್ಯವಾಗಿ ಕ್ರಮ ಉಲ್ಟಾ. ಅಲೆಗಳು ಮೊದಲು ಕುಗ್ಗುತ್ತವೆ, ತುದಿ ಚಪ್ಪಟೆಯಾಗುತ್ತದೆ, ಉಸಿರು ನಿಲ್ಲುತ್ತದೆ, ಕೊನೆಗೆ ಮುಳುಗಿದವನು ಮೇಲೆದ್ದ ಹಾಗೆ ಒಂದು ದೊಡ್ಡ ಉಸಿರು. ಹಾಗಾಗಿ ನಾನು ಮೊದಲು ಹುಡುಕುವುದು ಇದನ್ನೇ: ದೊಡ್ಡ ಉಸಿರು ಇವೆಂಟಿಗೆ ಮುಂಚೆ ಬಂತೋ, ಆಮೇಲೆ ಬಂತೋ?

ಆದರೆ ‘ಕ್ಲಿಯರ್ ಏರ್‌ವೇ’ ಅಂದ ಮಾತ್ರಕ್ಕೆ ಎಲ್ಲವೂ ಸುಳ್ಳು ಅಂತ ತಳ್ಳಿಹಾಕಬೇಡಿ. ನಿದ್ದೆ ಹದವಾಗಿದ್ದಾಗಲೇ ಉಸಿರು ಏರುತ್ತಾ ಇಳಿಯುತ್ತಾ, ನಡುನಡುವೆ ನಿಲ್ಲುತ್ತಾ, ಅದೇ ಆಕಾರ ಮತ್ತೆ ಮತ್ತೆ ಬರುತ್ತಿದ್ದರೆ ಡಾಕ್ಟರ್‌ಗೆ ತೋರಿಸಲೇಬೇಕು. ಲೀಕ್ ವಿಪರೀತ ಇರುವ ಹೊತ್ತಿನ ಗುರುತುಗಳನ್ನಂತೂ ನಾನು ಯಾವ ಕಡೆಗೂ ನಂಬುವುದಿಲ್ಲ. ಆಗ ನಿಜವಾದವೂ ತಪ್ಪಿಹೋಗಬಹುದು.

ಸುಳ್ಳು ಇವೆಂಟ್ ನೋಡಿ ಪ್ರೆಷರ್ ಏರಿಸಲು ಹೋಗಬೇಡಿ ಅಂತ ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ಪ್ರೆಷರ್ ಏರಿದರೆ ಲೀಕ್ ಏರುತ್ತದೆ, ಎಚ್ಚರ ಏರುತ್ತದೆ, ಕೆಲವರಿಗೆ ಕ್ಲಿಯರ್ ಏರ್‌ವೇಗಳೂ ಏರುತ್ತವೆ. ನಾನು ಜೂಮ್ ಮಾಡಿದ ಚಿತ್ರಗಳನ್ನೇ ಉಳಿಸಿಕೊಂಡು ಡಾಕ್ಟರ್ ಮುಂದೆ ಇಡುತ್ತೇನೆ. ಬೆಳಿಗ್ಗೆ ಎಚ್ಚರವಾಗಿ ಸುಮ್ನೆ ಹೊರಳಾಡುವಾಗ ಮಷಿನ್ ಆಫ್ ಮಾಡುತ್ತೇನೆ. ಇನ್ನು, ಎಚ್ಚರದ ಹೊತ್ತಿನ ಗುರುತುಗಳೇ ರಾತ್ರಿಯಿಡೀ ಚೆಲ್ಲಿಕೊಂಡಿದ್ದರೆ ನಿದ್ದೆ ಪದೇ ಪದೇ ಕೆಡುತ್ತಿದೆ ಅಂತ ಅರ್ಥ. ಆಗ ನಾನು ಮೊದಲು ನೋಡುವುದು ಮಾಸ್ಕಿನ ಕುಶನ್ ಸವೆದಿದೆಯಾ ಅಂತ.